ಹೆಕ್ಟೇರಿನ ಲೆಕ್ಕದಲ್ಲಿ ಕಾಣದ ರೈತ

ಅಫ್ಘಾನಿಸ್ತಾನದ ಹೆಲ್ಮಂಡ್ ಪ್ರಾಂತ್ಯದ ಬೋಗ್ರಾ ಕಾಲುವೆಯನ್ನು ಕಟ್ಟಿದ್ದು ಅಮೆರಿಕದ ಮಾರಿಸನ್ ನೂಡ್ಸನ್ ಕಂಪನಿ. 1946ರಲ್ಲಿ ಅಫ್ಘಾನ್ ಸರ್ಕಾರವೇ ಅವರನ್ನು ಕರೆಸಿತ್ತು. ಆಮೇಲೆ ಅಮೆರಿಕದ ಸಾಲವೂ ನೆರವೂ ಬಂದವು. ಮುಂದೆ ಅದೇ ನೀರಿಗೆ ಗಸಗಸೆ ಬಂತು, ಗೀರಿದ ಕಾಯಿಯ ಅಫೀಮು ದೇಶ ದಾಟಿತು. 2008ರಲ್ಲಿ ಗವರ್ನರ್ ಗುಲಾಬ್ ಮಂಗಲ್ ಅವರು ಬ್ರಿಟನ್ ಮತ್ತು ಅಮೆರಿಕದ ಹಣದಿಂದ ಇಲ್ಲಿ ‘ಆಹಾರ ವಲಯ’ ಯೋಜನೆ ಆರಂಭಿಸಿದರು. ಕಾಲುವೆ ನೀರುಣ್ಣುವ ಹೊಲಗಳಿಗೆ ಗೋಧಿ ಬೀಜ, ಗೊಬ್ಬರ ಕೊಟ್ಟು, ಗಸಗಸೆ ಬಿತ್ತಿದವರ ಬೆಳೆ ನಾಶ ಮಾಡುವುದು ಅದರ ಕ್ರಮ.

ಕಾಗದದಲ್ಲಿ ಯೋಜನೆ ಗೆದ್ದಿತು. ಹೆಲ್ಮಂಡ್‌ನ ಗಸಗಸೆ 2008ರಲ್ಲಿ ಒಂದು ಲಕ್ಷ ಹೆಕ್ಟೇರ್ ದಾಟಿತ್ತು. 2011ಕ್ಕೆ 63,000ಕ್ಕೆ ಇಳಿಯಿತು. ಗೋಧಿಯ ಬೆಲೆ ಏರಿದ್ದೂ, ವಿದೇಶಿ ಸೈನಿಕರ ಸಂಖ್ಯೆ ಹೆಚ್ಚಿದ್ದೂ ಈ ಇಳಿಕೆಗೆ ಕಾರಣವೇ. 2013ರಲ್ಲಿ ಮತ್ತೆ ಲಕ್ಷ ದಾಟಿತು. ನಡುವೆ ಏನಾಯಿತೆಂದು ತಿಳಿಯಲು, ವರ್ಷಗಟ್ಟಲೆ ಈ ಹಳ್ಳಿಗಳನ್ನು ಅಧ್ಯಯನ ಮಾಡಿದ ಡೇವಿಡ್ ಮ್ಯಾನ್ಸ್‌ಫೀಲ್ಡ್ ಅವರ ಬರಹಗಳನ್ನು ಓದಬೇಕು. ಗಸಗಸೆಗೆ ಕಳೆ ತೆಗೆಯಲು, ಕಾಯಿ ಗೀರಲು, ಅಂಟು ಕೆರೆಯಲು ಗೋಧಿಗಿಂತ ಹಲವು ಪಟ್ಟು ಕೈಗಳು ಬೇಕು. ಆದ್ದರಿಂದಲೇ ಭೂಮಿಯಿಲ್ಲದವರಿಗೆ ಪಾಲಿಗೆ ಹೊಲ ಸಿಗುತ್ತಿತ್ತು, ಅದರ ಜೊತೆಗೆ ಇರಲು ಮನೆಯೂ. ಗೋಧಿ ಬಂದ ವರ್ಷ ಜಮೀನ್ದಾರನಿಗೆ ಪಾಲುಗಾರ ಬೇಡವಾದ. ಬೀಜದ ಚೀಲ ಹೊಲವಿದ್ದವನ ಮನೆಗೆ ಹೋಯಿತು. ಪಾಲುಗಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೋಗ್ರಾದ ಉತ್ತರಕ್ಕಿದ್ದ ಮರುಭೂಮಿಗೆ ನಡೆದ. ಅಲ್ಲಿ ಕೊಳವೆಬಾವಿ ಕೊರೆದು ಗಸಗಸೆಯನ್ನೇ ಬಿತ್ತಿದರು. ಮೊದಲು ಡೀಸೆಲ್ ಪಂಪು, ಆಮೇಲೆ ಸೌರ ಫಲಕ. ಮರಳುಗಾಡು ಹಸಿರಾಯಿತು, ಅಂತರ್ಜಲ ಇಳಿಯುತ್ತ ಹೋಯಿತು. ನೆರವಿನ ವಲಯದೊಳಗೆ ಕಡಿಮೆಯಾದ ಬೆಳೆ ಅದರ ಅಂಚಿನಾಚೆ ಬೇರೂರಿತು.

ಇದನ್ನು ಅನಿರೀಕ್ಷಿತ ಪರಿಣಾಮವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಫೀಮು ಅಲ್ಲಿ ಬೆಳೆಯ ಜೊತೆಗೆ ಸಾಲವೂ ಆಗಿತ್ತು. ‘ಸಲಾಮ್’ ಪದ್ಧತಿಯಲ್ಲಿ ವ್ಯಾಪಾರಿ ಚಳಿಗಾಲದಲ್ಲೇ ಮುಂಗಡ ಕೊಡುತ್ತಿದ್ದ, ಕೊಯ್ಲಿನಲ್ಲಿ ಅಫೀಮು ಅಳೆದುಕೊಳ್ಳುತ್ತಿದ್ದ. ದರ ಅನ್ಯಾಯದ್ದೇ, ಆದರೂ ಆ ದುಡ್ಡಿನಿಂದ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಬೆಳೆ ತುಳಿದುಹಾಕಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಗೋಧಿ ಬೀಜ ಹಂಚಿದವರು ಆ ಮುಂಗಡದ ಜಾಗದಲ್ಲಿ ಏನಿಟ್ಟರು?

ಉಳಿದ ಪ್ರಯೋಗಗಳೂ ಇದೇ ಕುರುಡಿನಿಂದ ಸೋತವು. 2002ರಲ್ಲಿ ಬ್ರಿಟನ್ ಬೆಳೆ ನಾಶಕ್ಕೆ ಪರಿಹಾರ ಕೊಡಹೊರಟಾಗ, ಪರಿಹಾರದ ಆಸೆಗೇ ಬಿತ್ತನೆ ನಡೆಯಿತು. ಗಸಗಸೆ ತಗ್ಗಿಸಿದ ಪ್ರಾಂತ್ಯಗಳಿಗೆ ಬಹುಮಾನದ ಹಣ ಕೊಡುವ ಯೋಜನೆಯೂ ಬಂದುಹೋಯಿತು. 2017ರ ನವೆಂಬರ್‌ನಲ್ಲಿ ಅಫೀಮು ಸಂಸ್ಕರಣೆಯ ತಾಣಗಳ ಮೇಲೆ ವಿಮಾನಗಳಿಂದ ಬಾಂಬ್ ಹಾಕಿದರು. ಅಮೆರಿಕದ್ದೇ ತಪಾಸಣಾ ಸಂಸ್ಥೆಯಾದ ಸಿಗಾರ್ 2018ರ ವರದಿಯಲ್ಲಿ ಲೆಕ್ಕ ಒಪ್ಪಿಸಿತು: 2002ರಿಂದ 2017ರವರೆಗೆ ಅಮೆರಿಕವೊಂದೇ ಮಾದಕವಸ್ತು ನಿಯಂತ್ರಣಕ್ಕೆ ಸುರಿದದ್ದು ಸುಮಾರು 862 ಕೋಟಿ ಡಾಲರ್. ಅದೇ 2017ರಲ್ಲಿ ದೇಶದ ಗಸಗಸೆ 3,28,000 ಹೆಕ್ಟೇರ್ ಮುಟ್ಟಿತ್ತು. ವಿಶ್ವಸಂಸ್ಥೆಯ ಸಮೀಕ್ಷೆಗಳಲ್ಲಿ ಅಷ್ಟು ಹಿಂದೆಂದೂ ದಾಖಲಾಗಿರಲಿಲ್ಲ.

ಬಿಡುಗಡೆ ಸಾಧ್ಯವೇ ಇರಲಿಲ್ಲವೆಂದಲ್ಲ. ಜಲಾಲಾಬಾದ್ ನಗರದ ಸುತ್ತಲಿನ ಸುರ್ಖ್‌ರೋಡ್, ಕಾಮಾದಂಥ ತಾಲ್ಲೂಕುಗಳಲ್ಲಿ ರೈತರು ತರಕಾರಿಗೆ ತಿರುಗಿ ಬಹುಕಾಲ ಅಲ್ಲೇ ನಿಂತರು. ಊರಿಗೆ ರಸ್ತೆ, ಪೇಟೆಯಲ್ಲಿ ಗಿರಾಕಿ, ಮನೆಯ ಒಬ್ಬ ಮಗನಿಗೆ ಪಟ್ಟಣದಲ್ಲಿ ಕೂಲಿ, ಇವೆಲ್ಲ ಒಟ್ಟಿಗೆ ಸಿಕ್ಕಿದ್ದವು. ಥಾಯ್ಲೆಂಡಿನ ಬೆಟ್ಟಸೀಮೆ ಅಫೀಮಿನಿಂದ ಹೊರಬರಲು ದಶಕಗಳೇ ಬೇಕಾದವು, ಅದೂ ಅಫ್ಘಾನಿಸ್ತಾನದಂಥ ಯುದ್ಧವಿಲ್ಲದ ನೆಲದಲ್ಲಿ. ವರ್ಷದ ಬಜೆಟ್ಟಿಗೂ ಸೈನ್ಯದ ಪಾಳಿಗೂ ಕಟ್ಟುಬಿದ್ದ ನೆರವಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಗಸಗಸೆ ನಿಷೇಧಿಸಿತು. ಆ ವರ್ಷ 2,33,000 ಹೆಕ್ಟೇರ್ ಇದ್ದದ್ದು 2023ರಲ್ಲಿ 10,800ಕ್ಕೆ ಕುಸಿಯಿತು. ದಾನಿ ದೇಶಗಳು ಇಪ್ಪತ್ತು ವರ್ಷ ಬಯಸಿದ ಅಂಕಿ ಸಿಕ್ಕಿತು. ಆದರೆ ಈ ಅಂಕಿ ಕೊಟ್ಟ ವಿಶ್ವಸಂಸ್ಥೆಯ ವರದಿಯೇ ಇನ್ನೊಂದು ಸಂಖ್ಯೆಯನ್ನೂ ಕೊಡುತ್ತದೆ: ಅಫೀಮು ಮಾರಿ ರೈತರು ಗಳಿಸುತ್ತಿದ್ದ ಆದಾಯ ಒಂದೇ ವರ್ಷದಲ್ಲಿ 136 ಕೋಟಿ ಡಾಲರ್‌ನಿಂದ 11 ಕೋಟಿಗೆ ಬಿತ್ತು. ನಮ್ಮ ಪತ್ರಿಕೆಗಳಲ್ಲಿ ಮೊದಲ ಅಂಕಿಯನ್ನು ಕಂಡಷ್ಟು ನಾನು ಎರಡನೆಯದನ್ನು ಕಂಡಿಲ್ಲ. 2024ರಲ್ಲಿ ಬದಖ್ಶಾನ್ ಪ್ರಾಂತ್ಯದ ಹಳ್ಳಿಗರು ಬೆಳೆ ನಾಶದ ವಿರುದ್ಧ ಬೀದಿಗಿಳಿದರು, ಪ್ರಾಣಗಳೂ ಹೋದವು.

ಅದೇ ವರ್ಷ ವಿಶ್ವಸಂಸ್ಥೆ ಕರೆದ ದೋಹಾ ಸಭೆಯಲ್ಲಿ ಮಾದಕವಸ್ತು ನಿಯಂತ್ರಣ ಮತ್ತೆ ಚರ್ಚೆಗೆ ಬಂತು. ತಾಲಿಬಾನ್ ಎದುರಿಗಿದ್ದ ಆ ಮೇಜಿನಲ್ಲಿ ಅಫ್ಘಾನ್ ಹೆಣ್ಣುಮಕ್ಕಳಿಗೆ ಕುರ್ಚಿ ಇರಲಿಲ್ಲ. ಹಲವು ಕಡೆ ಗಸಗಸೆಯ ಕಳೆ ತೆಗೆದವರು ಅವರೇ. ಇನ್ನು ನಿಷೇಧದಿಂದ ಅಫೀಮಿನ ಬೆಲೆ ಏರಿದಾಗ ಲಾಭವಾದದ್ದು ಹಳೆಯ ಸರಕು ಕೂಡಿಟ್ಟವರಿಗೆ, ರೈತರ ಪೈಕಿ ಭೂಮಿಯುಳ್ಳವರಿಗೆ. ಪಾಲುಗಾರನ ಮನೆಯಲ್ಲಿ ಕೂಡಿಡಲು ಏನೂ ಉಳಿದಿರಲಿಲ್ಲ. ಹೊಸ ನೆರವು ಮತ್ತೆ ಹೊಲದ ಅಳತೆಯ ಮೇಲೆಯೇ ಬೀಜ ಹಂಚಿದರೆ, ಹೆಲ್ಮಂಡ್‌ನಲ್ಲಿ ಯಾರ ಕೈ ಬರಿದಾಯಿತೋ ಅವರ ಕೈಯೇ ಬದಖ್ಶಾನ್‌ನಲ್ಲೂ ಬರಿದಾಗುತ್ತದೆ.