ವಿಶ್ವಕೋಶದಲ್ಲಿ ಕಂಸಾಳೆಯ ಸ್ಥಾನ

ಕಂಸಾಳೆಗೆ ವಿಶ್ವಕೋಶದಲ್ಲಿ ಪ್ರತ್ಯೇಕ ಲೇಖನವೊಂದು ಸಲ್ಲತಕ್ಕದ್ದೇ, ಅಥವಾ ‘ತಾಳ’ ಎಂಬ ಶೀರ್ಷಿಕೆಯ ಕೆಳಗೆ ನಾಲ್ಕು ಪಂಕ್ತಿಗಳಲ್ಲಿ ಅದನ್ನು ಮುಗಿಸಬಹುದೇ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಯಾವುದನ್ನು ವಿದ್ಯೆಯೆಂದು ಎಣಿಸಬೇಕು ಎಂಬ ನಿರ್ಣಯವೇ ಇದರಲ್ಲಿ ಅಡಗಿದೆ. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು 1969ರಲ್ಲಿ ಹೊರತಂದು, ಮುಂದೆ ಆ ಕಾರ್ಯವನ್ನು 14 ಸಂಪುಟಗಳವರೆಗೆ ನಡೆಸಿತು. ಆದುದರಿಂದ ಈ ವಿಚಾರವನ್ನು ಮೈಸೂರಿನಲ್ಲಿಯೇ ಚರ್ಚಿಸುವುದು ಉಚಿತವಾಗಿದೆ.

ಮೊದಲು ವಸ್ತುವನ್ನೇ ನೋಡೋಣ. ಕಂಸಾಳೆಯು ಕಂಚಿನ ಒಂದು ಜೋಡಿ. ಸಾಮಾನ್ಯ ತಾಳದಲ್ಲಿ ಎರಡು ಭಾಗಗಳೂ ಒಂದೇ ಆಕಾರದವು, ಇಲ್ಲಿ ಹಾಗಲ್ಲ. ಎಡಗೈಯಲ್ಲಿರುವುದು ಬಟ್ಟಲಿನಂತೆ ತಗ್ಗಾದುದು. ಬಲಗೈಯಲ್ಲಿರುವುದು ಚಪ್ಪಟೆಯಾದ ಬಿಲ್ಲೆ, ಅದಕ್ಕೆ ದಾರ ಮತ್ತು ಗೊಂಡೆ. ಕುಳಿತು ಕಥೆ ಹಾಡುವಾಗ ಬಿಲ್ಲೆಯನ್ನು ಬಟ್ಟಲಿಗೆ ತಟ್ಟಿ ಲಯ ಹಿಡಿಯುತ್ತಾರೆ. ಬೀಸು ಕಂಸಾಳೆಯಲ್ಲಾದರೋ ಅದೇ ಬಿಲ್ಲೆಯನ್ನು ಬೀಸಿ, ಮೈಯ ಸುತ್ತ ತಂದು, ಕುಣಿಯುತ್ತಲೇ ಬಟ್ಟಲಿಗೆ ತಾಗಿಸುತ್ತಾರೆ.

ಪ್ರತ್ಯೇಕ ಲೇಖನ ಬೇಡವೆನ್ನುವವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ವಿಂಗಡಿಸುವ ನಾಟ್ಯಶಾಸ್ತ್ರದ ಕ್ರಮದಲ್ಲಿ ಇದು ಘನವಾದ್ಯ. ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಎಂಬ ವಿದ್ವಾಂಸರು 1914ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿಯೂ ಇದು ತಾಳಗಳ ಸಾಲಿಗೇ ಸೇರುವುದು. ಮೇಲಾಗಿ ಇದರ ಪ್ರಚಾರ ಮುಖ್ಯವಾಗಿ ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಸೀಮೆಗೆ ಸೇರಿದುದು. ಇದರ ಪರಂಪರೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದುದು.

ಆದರೆ ವರ್ಗೀಕರಣವು ನೆಂಟಸ್ತಿಕೆಯನ್ನು ತಿಳಿಸುವುದೇ ಹೊರತು ವ್ಯಕ್ತಿತ್ವವನ್ನಲ್ಲ. ಮೃದಂಗವೂ ತಮಟೆಯೂ ಅವನದ್ಧಗಳೇ. ಅವೆರಡನ್ನೂ ಒಂದೇ ಲೇಖನದಲ್ಲಿ ಅಡಕಗೊಳಿಸಲು ಯಾರೂ ಒಪ್ಪರು. ಪ್ರದೇಶದ ಕಿರಿದುತನವೂ ದೋಷವಲ್ಲ. ಆ ಪ್ರದೇಶದ ಬಾಳಿನಲ್ಲಿ ವಾದ್ಯವು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಮುಖ್ಯ. ಗುರುವಿನಿಂದ ದೀಕ್ಷೆ ಪಡೆದ ದೇವರ ಗುಡ್ಡರು ಕಂಸಾಳೆ ಹಿಡಿದು ಭಿಕ್ಷಕ್ಕೆ ಹೋಗುತ್ತಾರೆ; ಮಲೆಯ ಮಹದೇಶ್ವರನ ಕಾವ್ಯವನ್ನು ಹಾಡುತ್ತಾರೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಮೊದಲಾದ ಭಾಗಗಳುಳ್ಳ ಈ ಮಹಾಕಾವ್ಯಕ್ಕೆ ಕಂಸಾಳೆಯೇ ಶ್ರುತಿಯಷ್ಟು ಅನಿವಾರ್ಯವಾದ ಸಂಗಾತಿ.

ಬರಹದ ಆಧಾರ ತೆಳುವೆಂಬ ಆಕ್ಷೇಪಕ್ಕೂ ಉತ್ತರವಿದೆ. ಪಿ. ಕೆ. ರಾಜಶೇಖರ ಅವರ ಸಂಗ್ರಹ 1973ರಲ್ಲಿ ಅಚ್ಚಾಯಿತು; ಸಾಹಿತ್ಯ ಅಕಾಡೆಮಿಯು 2001ರಲ್ಲಿ ಕಾವ್ಯದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಆದರೆ ಇವು ಬರುವುದಕ್ಕೆ ಮುಂಚೆ ಕಂಸಾಳೆ ಅಯೋಗ್ಯವಾಗಿತ್ತೇ? ಅಕ್ಷರವಿಲ್ಲದವರು ಕಾಪಾಡಿದುದನ್ನು ಅಕ್ಷರದಲ್ಲಿ ಇಲ್ಲವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗೆಂದು ಅಪೂರ್ವವೆನಿಸಿದ ಪ್ರತಿಯೊಂದು ವಾದ್ಯಕ್ಕೂ ಲೇಖನ ಬೇಕೆಂಬುದು ನಮ್ಮ ಮತವಲ್ಲ. ಒಬ್ಬನೇ ವಾದಕನು ತನ್ನ ಕಲ್ಪನೆಯಿಂದ ಹೊಂದಿಸಿಕೊಂಡು, ಕಲಿಯುವವರಿಲ್ಲದೆ ಅವನೊಡನೆಯೇ ಮುಗಿಯುವ ವಾದ್ಯಕ್ಕೆ ಸಾಮಾನ್ಯ ಲೇಖನದಲ್ಲಿ ಒಂದು ವಾಕ್ಯ ಸಾಕು. ರಚನೆಯಲ್ಲಿಯೂ ನುಡಿಸುವ ಕ್ರಮದಲ್ಲಿಯೂ ಭೇದ, ಗುರುಶಿಷ್ಯ ಪರಂಪರೆ, ಆ ವಾದ್ಯವಿಲ್ಲದೆ ನಡೆಯದ ಕಾವ್ಯ ಅಥವಾ ಆಚರಣೆ: ಈ ಮೂರನ್ನೂ ನಾವು ಕೇಳುತ್ತೇವೆ. ಕಂಸಾಳೆಯಲ್ಲಿ ಮೂರೂ ಇವೆ.

ಲೇಖನ ಸಲ್ಲುವುದೆಂದು ಒಪ್ಪಿದ ಮೇಲೆ ಅದು ಎಂತಿರಬೇಕೆಂಬುದು ಉಳಿಯುತ್ತದೆ. ಮೈಸೂರು ದಸರಾ ಮೆರವಣಿಗೆಯಲ್ಲಿ ಬೀಸು ಕಂಸಾಳೆಯನ್ನು ಕಂಡವರು ಇದನ್ನು ಕುಣಿತವೆಂದೇ ಬಗೆಯುವುದು ಸಹಜ. ವಿಶ್ವಕೋಶವೂ ಅಷ್ಟಕ್ಕೇ ನಿಂತರೆ ರಾತ್ರಿಯಿಡೀ ಕುಳಿತು ಹಾಡುವ ಗುಡ್ಡನು ಪುಟದಿಂದ ಹೊರಗುಳಿಯುವನು. ಅವನೊಡನೆ ಕಾವ್ಯವೂ ಹೊರಗುಳಿಯುವುದು. ಅಂಥ ಲೇಖನ ಇದ್ದೂ ಇಲ್ಲದಂತೆಯೇ. ಕಂಚಿನ ಆಕಾರವನ್ನೂ ಕೈಯ ಚಲನೆಯನ್ನೂ ದೀಕ್ಷೆ, ಭಿಕ್ಷೆ, ಕಾವ್ಯಗಳನ್ನೂ ಒಂದೆಡೆ ತರುವ, ಪ್ರಶಂಸೆಯ ಮಾತಿಲ್ಲದ ಒಂದು ಪುಟವೇ ಕಂಸಾಳೆಗೆ ಸಲ್ಲಬೇಕಾದ ಗೌರವವೆಂದು ನಾವು ಭಾವಿಸುತ್ತೇವೆ.