ಬಂಧಶೋಧನೆಯ ಕ್ರಮ: ಚಿತ್ರಕಾವ್ಯದ ಅಕ್ಷರಗಳೂ ಯಂತ್ರಶಾಸ್ತ್ರದ ಜಾಲವೂ

ಆಲಂಕಾರಿಕರು ಚಿತ್ರಕಾವ್ಯವನ್ನು ಅಧಮವೆಂದು ಗಣಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಮಮ್ಮಟನು ಕಾವ್ಯಪ್ರಕಾಶದ ಒಂಬತ್ತನೆಯ ಉಲ್ಲಾಸದಲ್ಲಿ ಪದ್ಮ, ಖಡ್ಗ ಮೊದಲಾದ ಬಂಧಗಳನ್ನು ಉದಾಹರಿಸಿಯೂ ಅಂಥವುಗಳಲ್ಲಿ ಕವಿಯ ಸಾಮರ್ಥ್ಯವಲ್ಲದೆ ಕಾವ್ಯತ್ವವಿಲ್ಲವೆಂದು ಹೇಳಿ ಪ್ರಕರಣವನ್ನು ಮುಗಿಸುತ್ತಾನೆ. ರಸದೃಷ್ಟಿಯಿಂದ ಈ ತೀರ್ಪು ಯುಕ್ತವಾದುದೇ. ಆದರೆ ಗ್ರಂಥಸಂಪಾದನೆಯ ದೃಷ್ಟಿಯಿಂದ ಬಂಧಕ್ಕೆ ಬೇರೊಂದು ಬೆಲೆಯುಂಟು. ಪಾಠವು ಕೆಟ್ಟಿರುವುದನ್ನು ಕೆಲವೆಡೆ ಬಂಧವೇ ತಿಳಿಸಿಕೊಡಬಲ್ಲದು. ಎಲ್ಲಿ ತಿಳಿಸಬಲ್ಲದು, ಎಲ್ಲಿ ತಿಳಿಸಲಾರದು ಎಂಬ ವಿವೇಚನೆಯು, 1953ರಲ್ಲಿ ಬೆಂಗಳೂರಿನಲ್ಲಿ ಸಿರಿಭೂವಲಯವು ಮುದ್ರಿತವಾದಂದಿನಿಂದ, ಕನ್ನಡಿಗರಿಗೆ ಅವಶ್ಯವಾಗಿದೆ.

ಇದನ್ನು ಹೋಲುವ ಸಮಸ್ಯೆಯೊಂದು ಯಂತ್ರಶಾಸ್ತ್ರದಲ್ಲಿಯೂ ಉಂಟು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೂ ಮಲ್ಲೇಶ್ವರದ ಆಚೆಯ ವಿಜ್ಞಾನ ಸಂಸ್ಥೆಗೂ ನಡುವಣ ದಾರಿ ಕೆಲವೇ ಮೈಲಿಗಳದು. ಆದರೂ ಒಂದೆಡೆಯ ಶೋಧನಕ್ರಮವನ್ನು ಇನ್ನೊಂದೆಡೆಯವರು ವಿಚಾರಿಸುವುದು ವಿರಳ. ಸೇತುವೆಯೋ ವಿಮಾನದ ರೆಕ್ಕೆಯೋ ಎಷ್ಟು ಭಾರವನ್ನು ತಾಳುವುದೆಂದು ಲೆಕ್ಕಹಾಕುವವರು ಆ ವಸ್ತುವನ್ನು ಸಣ್ಣ ತ್ರಿಕೋಣ ಚತುಷ್ಕೋಣಗಳಾಗಿ ವಿಭಾಗಿಸುವರು. 1960ರಲ್ಲಿ ಕ್ಲಫ್ ಎಂಬ ವಿದ್ವಾಂಸನು ಈ ಪದ್ಧತಿಗೆ ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನಿಟ್ಟನು. ಪ್ರತಿಯೊಂದು ಖಂಡದ ಮೂಲೆಗೂ ಗ್ರಂಥಿಯೆಂಬ ಸಂಜ್ಞೆಯನ್ನು ಕೊಡಬಹುದು. ಪ್ರತಿ ಗ್ರಂಥಿಗೂ ಒಂದು ಸಂಖ್ಯೆ. ಯಾವ ಖಂಡಕ್ಕೆ ಯಾವ ಯಾವ ಗ್ರಂಥಿಗಳು ಎಂಬುದಕ್ಕೆ ಒಂದು ಪಟ್ಟಿ. ನೆರೆಯ ಎರಡು ಖಂಡಗಳು ಕೂಡಿವೆಯೆಂಬುದಕ್ಕೆ ಈ ಪಟ್ಟಿಯೇ ಪ್ರಮಾಣ, ಚಿತ್ರವಲ್ಲ. ಒಂದೇ ಸ್ಥಾನದಲ್ಲಿ ಎರಡು ಗ್ರಂಥಿಗಳು ಬೇರೆ ಬೇರೆ ಸಂಖ್ಯೆಗಳನ್ನು ಹೊತ್ತು ಕುಳಿತಿದ್ದರೆ ಕಣ್ಣಿಗೆ ಜಾಲವು ಅಖಂಡವಾಗಿ ತೋರುವುದು; ಗಣಿತಕ್ಕೆ ಅಲ್ಲಿ ಸೀಳಿದೆ.

ಈ ದೋಷವನ್ನು ಕಂಡುಹಿಡಿಯುವ ಉಪಾಯವು ಸರಳವಾದುದು. ತಗಡಿನಂಥ ವಸ್ತುವಿನ ಜಾಲದಲ್ಲಿ ಒಳಗಿನ ಪ್ರತಿ ಅಂಚೂ ಎರಡು ಖಂಡಗಳಿಗೆ ಸೇರಿರಬೇಕು. ಒಂದೇ ಖಂಡಕ್ಕೆ ಸೇರಿದ ಅಂಚು ಹೊರಮೇರೆಯಲ್ಲಿ ಮಾತ್ರ ಇರತಕ್ಕದ್ದು. ಅಂತಹ ಅಂಚು ಒಳಗೆ ಕಂಡುಬಂದರೆ ಅಲ್ಲಿ ಸೀಳು ಬಿದ್ದಿದೆಯೆಂದು ಶಂಕಿಸಬೇಕು. ಬಳಿಕ ಒಂದು ಅಂತರವನ್ನು ಗೊತ್ತುಮಾಡಿಕೊಂಡು, ಅದಕ್ಕಿಂತಲೂ ಸಮೀಪದಲ್ಲಿರುವ ಗ್ರಂಥಿಗಳನ್ನು ಒಂದುಗೂಡಿಸುವರು. ಅಪಾಯವಿರುವುದು ಇಲ್ಲಿಯೇ. ಅಂತರವು ತೀರ ಕಡಮೆಯಾದರೆ ಸೀಳು ಉಳಿಯುವುದು. ಹೆಚ್ಚಾದರೆ ಚಿಕ್ಕ ಖಂಡಗಳು ಕುಸಿದುಹೋಗುವುವು, ಉದ್ದೇಶಪೂರ್ವಕವಾಗಿ ಬೇರೆಯಿರಿಸಿದ ಎರಡು ಭಾಗಗಳು ಅಂಟಿಕೊಳ್ಳುವುವು.

ಬಂಧಗಳಲ್ಲಿಯೂ ಸ್ಥಿತಿಯು ಹೀಗೆಯೇ ಇದೆ. ಅನುಷ್ಟುಭ್ ಶ್ಲೋಕದ ಗೋಮೂತ್ರಿಕೆಯಲ್ಲಿ ಎರಡು ಅರ್ಧಗಳ ಸಮಸ್ಥಾನದ 8 ಅಕ್ಷರಗಳು ಒಂದೇ ಆಗಿರುವುದರಿಂದ 32 ಅಕ್ಷರಗಳಿಗೆ 24 ಸ್ಥಾನಗಳು ಸಾಕು. ಮಮ್ಮಟನು ಕೊಟ್ಟಿರುವ ಅಷ್ಟದಳ ಪದ್ಮದಲ್ಲಿ ಕರ್ಣಿಕೆಯ ಅಕ್ಷರವನ್ನು 8 ಸಲ ಓದಬೇಕು. ನಾಲ್ಕು ದಿಗ್ದಳಗಳ ಅಕ್ಷರಗಳನ್ನು ಹೋಗುವಾಗೊಮ್ಮೆ ಬರುವಾಗೊಮ್ಮೆ, ವಿದಿಗ್ದಳಗಳವನ್ನು ಒಂದೇ ಸಲ. ಒಟ್ಟು ಸ್ಥಾನಗಳು 17. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದ ಸರ್ವತೋಭದ್ರದಲ್ಲಿ 64 ಮನೆಗಳಿದ್ದರೂ ಕವಿಯು ಸ್ವತಂತ್ರವಾಗಿ ಆರಿಸಬಹುದಾದ ಅಕ್ಷರಸ್ಥಾನಗಳು 10 ಮಾತ್ರ.

ಈ ಲೆಕ್ಕದಿಂದ ಸಂಪಾದಕನಿಗೆ ದೊರೆಯುವ ಫಲವೇನೆಂದರೆ, ಬಂಧದ ಸಾಕ್ಷ್ಯವು ಎಲ್ಲ ಸ್ಥಾನಗಳಲ್ಲಿಯೂ ಸಮಾನಬಲವುಳ್ಳದ್ದಲ್ಲ. ಕರ್ಣಿಕೆಯ ಅಕ್ಷರವನ್ನು ಲಿಪಿಕಾರನು ಒಂದೆಡೆ ತಪ್ಪಿದರೆ ಉಳಿದ ಏಳು ಓದುಗಳು ಅದನ್ನು ತಿದ್ದುವುವು. ಗೋಮೂತ್ರಿಕೆಯಲ್ಲಿ ಎರಡೇ ಸಾಕ್ಷಿಗಳಿರುವುದರಿಂದ ದೋಷವಿದೆಯೆಂದು ತಿಳಿದರೂ ಯಾವುದು ದುಷ್ಟವೆಂಬುದನ್ನು ಛಂದಸ್ಸಿನಿಂದಲೂ ಅರ್ಥದಿಂದಲೂ ನಿರ್ಣಯಿಸಬೇಕು. ವಿದಿಗ್ದಳದ ಅಕ್ಷರಕ್ಕಾದರೋ ಬಂಧವು ಸಾಕ್ಷಿಯೇ ಅಲ್ಲ.

ಒಂದುಗೂಡಿಸುವ ಅಂತರಕ್ಕೆ ಸದೃಶವಾದ ನಿಯಮವೂ ನಮ್ಮ ಶಾಸ್ತ್ರದಲ್ಲುಂಟು. ಯಮಕ ಚಿತ್ರಗಳಲ್ಲಿ ಡಕಾರ ಲಕಾರಗಳಿಗೆ, ಬಕಾರ ವಕಾರಗಳಿಗೆ, ರೇಫ ಲಕಾರಗಳಿಗೆ ಅಭೇದವನ್ನು ಪೂರ್ವಿಕರು ಒಪ್ಪಿರುವರು. ಈ ಸಡಿಲಿಕೆಗೆ ಮೇರೆಯಿದೆ. ಹಳಗನ್ನಡದಲ್ಲಿ ಅದನ್ನು ಮೀರಿ ೞಕಾರ ಳಕಾರಗಳನ್ನು ಒಂದೆಂದು ಹಿಡಿದರೆ ‘ಬಾೞ್’ ಎಂಬ ಬದುಕೂ ‘ಬಾಳ್’ ಎಂಬ ಖಡ್ಗವೂ ಬೆರೆತುಹೋಗುವುವು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರದ ಪದಗಳನ್ನು ಪ್ರತ್ಯೇಕವಾಗಿ ಎಣಿಸಿಕೊಟ್ಟಿರುವುದು ನಿಷ್ಪ್ರಯೋಜಕವಾದ ಶ್ರಮವಲ್ಲ.

ಇನ್ನು ಸಿರಿಭೂವಲಯವನ್ನು ಪರಾಮರ್ಶಿಸಬಹುದು. ಕುಮುದೇಂದು ಮುನಿಯದೆನ್ನಲಾದ ಈ ಗ್ರಂಥದಲ್ಲಿ ಅಕ್ಷರಗಳಿಲ್ಲ. ಉದ್ದಕ್ಕೆ 27, ಅಡ್ಡಕ್ಕೆ 27, ಒಟ್ಟು 729 ಮನೆಗಳ ಚಕ್ರಗಳಲ್ಲಿ 1ರಿಂದ 64ರ ವರೆಗಿನ ಅಂಕಗಳಿವೆ. 27 ಸ್ವರಗಳು, 33 ವ್ಯಂಜನಗಳು, 4 ಅಯೋಗವಾಹಗಳು ಸೇರಿ 64. ಯಲ್ಲಪ್ಪಶಾಸ್ತ್ರಿಗಳೂ ಕರ್ಲಮಂಗಲಂ ಶ್ರೀಕಂಠಯ್ಯನವರೂ ಇದನ್ನು ಬೆಳಕಿಗೆ ತರುವುದಕ್ಕೆ ಪಟ್ಟ ಶ್ರಮವು ಸ್ತುತ್ಯವಾದುದು. ಕಾಲವನ್ನು ಕುರಿತು ಒಂಬತ್ತನೆಯ ಶತಮಾನವೆಂದೂ ಹದಿನೈದನೆಯದೆಂದೂ ಮತಭೇದವಿದೆ. ಆ ವಿವಾದಕ್ಕಿಂತಲೂ ಮೊದಲು ಇತ್ಯರ್ಥವಾಗಬೇಕಾದುದು ಪಾಠದ ಶುದ್ಧಿ.

ಇಲ್ಲಿ ಅಂಕಗಳು ಗ್ರಂಥಿಗಳು. ಬಂಧವೆಂಬ ಪಠನಮಾರ್ಗವೇ ಅವುಗಳ ಸಂಬಂಧ. ಒಂದು ಅಂಕವು ಮಾತ್ರ ತಪ್ಪಿದ್ದರೆ ಓದಿನಲ್ಲಿ ಒಂದೇ ವರ್ಣವು ಕೆಡುವುದು. ಆದರೆ ಲಿಪಿಕಾರನು ಸಾಲಿನಲ್ಲಿ ಒಂದು ಅಂಕವನ್ನು ಬಿಟ್ಟು, ಅದೇ ಸಾಲಿನಲ್ಲಿ ಮುಂದೆ ಇನ್ನೊಂದನ್ನು ಎರಡು ಸಲ ಬರೆದಿದ್ದರೆ ಎಣಿಕೆಯು 27 ಎಂದೇ ಬರುವುದು, ನಡುವಣ ಮನೆಗಳೆಲ್ಲ ಸ್ಥಾನಭ್ರಷ್ಟವಾಗಿರುವುವು. ಪಠನಮಾರ್ಗವು ಸಾಲನ್ನು ಹಿಡಿದು ಹೋಗುವುದಿಲ್ಲವಾದುದರಿಂದ ದೋಷಗಳು ಪದ್ಯದಲ್ಲಿ ದೂರದೂರ ಚೆದರಿ ತೋರುವುವು. ಅವನ್ನು ಒಂದೊಂದಾಗಿ ಊಹೆಯಿಂದ ತಿದ್ದುವ ಸಂಪಾದಕನು ಹತ್ತು ತಪ್ಪುಗಳನ್ನು ಕಾಣುವನು. ಅವೆಲ್ಲವೂ ಯಾವ ಸಾಲಿಗೆ ಸೇರಿದುವೆಂದು ನೋಡುವವನು ಒಂದನ್ನೇ ಕಾಣುವನು.

ಇದಲ್ಲದೆ, ಒಂದು ಮಾರ್ಗದಲ್ಲಿ ಪ್ರತಿ ಮನೆಯನ್ನೂ ಒಂದೇ ಸಲ ಓದುವುದರಿಂದ ಇಲ್ಲಿ ಕರ್ಣಿಕೆಯಂಥ ಸಾಕ್ಷಿಯಿಲ್ಲ. ಗ್ರಂಥವು ಸಾಂಗತ್ಯದಲ್ಲಿರುವುದೆಂಬರು, ಆ ಛಂದಸ್ಸು ವರ್ಣವೃತ್ತದಷ್ಟು ಬಿಗಿಯಾದ ಕಾವಲುಗಾರನಲ್ಲ. ಪದ್ಯಗಳ ಮೊದಲಕ್ಷರಗಳನ್ನು ಕೆಳಮುಖವಾಗಿ ಓದಿದರೆ ಪ್ರಾಕೃತವೂ, ನಡುವಣ ಅಕ್ಷರಗಳಿಂದ ಸಂಸ್ಕೃತವೂ ಹೊರಡುವುದೆಂದು ಅದರ ಸಂಪಾದಕರು ಹೇಳುವರು. ಅದು ಹಾಗಿರುವಲ್ಲಿ, ಎರಡು ಓದುಗಳು ಕೂಡುವ ಅಕ್ಷರಕ್ಕೆ ಎರಡು ಸಾಕ್ಷಿಗಳಿರುವುವು. ಅಲ್ಲಿ ಮಾಡಿದ ತಿದ್ದುಪಡಿಯು ಎರಡು ಭಾಷೆಗಳಿಗೂ ಒಪ್ಪಬೇಕು. ಆದರೆ ಒಂದು ನಿಬಂಧನೆಯುಂಟು. ಮಾರ್ಗವನ್ನು ಓದುವುದಕ್ಕೆ ಮುಂಚೆ ಗೊತ್ತುಮಾಡಿರಬೇಕು. ಪದವು ಹೊರಡುವವರೆಗೂ ಮಾರ್ಗವನ್ನು ಬದಲಾಯಿಸುತ್ತ ಹೋದರೆ ಹೊರಟುದು ಕವಿಯ ಮಾತೋ ಓದುವವನ ಮಾತೋ ಎಂದು ನಿರ್ಣಯಿಸುವುದಕ್ಕೆ ಆಧಾರವಿರದು.

ಆದುದರಿಂದ ಇಂತಹ ಗ್ರಂಥದ ಯಾವ ಮುದ್ರಣವೇ ಆಗಲಿ ಮೂರನ್ನು ಒದಗಿಸತಕ್ಕದ್ದು: ಪ್ರತಿಯಲ್ಲಿರುವಂತೆಯೇ ಅಂಕಚಕ್ರ, ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಪಠನಮಾರ್ಗ, ತಿದ್ದಿದ ಪ್ರತಿಯೊಂದು ಮನೆಯ ಹಳೆಯ ಅಂಕ ಮತ್ತು ತಿದ್ದಲು ಕಾರಣ. ಇವು ದೊರೆತಲ್ಲಿ ಶ್ರದ್ಧೆಯುಳ್ಳವನೂ ಸಂದೇಹಪಡುವವನೂ ಒಂದೇ ಚಕ್ರದ ಮುಂದೆ ಕುಳಿತು ಓದಿ ನೋಡಬಹುದು. ಅದಾಗುವವರೆಗೆ ಕುಮುದೇಂದುವನ್ನು ಹೊಗಳುವುದಾಗಲಿ ತೆಗಳುವುದಾಗಲಿ ವಿಮರ್ಶೆಯೆನಿಸದು.