ಗುಡಾರದ ಬಾಗಿಲಲ್ಲಿ ನಿಂತವರು: ಜಾಗತೀಕರಣ, ಸ್ತ್ರೀ ಮುಂದಾಳತ್ವ ಮತ್ತು ಕಾರವಾರ–ಅಂಕೋಲೆಯ ಕರಾವಳಿ

2024ರ ಡಿಸೆಂಬರ್ 16ರಂದು ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು, ಬಡಗೇರಿಯ ಸುಕ್ರಿ ಬೊಮ್ಮಗೌಡರು ತೀರಿಕೊಂಡರು. ಇಬ್ಬರೂ ಅಂಕೋಲಾ ತಾಲೂಕಿನವರು. ಇಬ್ಬರೂ ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಇಬ್ಬರೂ ಅಕ್ಷರ ಕಲಿಯದೆ ಪದ್ಮಶ್ರೀ ಪಡೆದವರು. ನಾಡು ಅವರಿಗೆ ಯೋಗ್ಯ ಗೌರವವನ್ನೇ ಸಲ್ಲಿಸಿತು. ಒಬ್ಬರನ್ನು ವನದೇವತೆಯೆಂದೂ ಇನ್ನೊಬ್ಬರನ್ನು ಹಾಡಿನ ಕಣಜವೆಂದೂ ಕೊಂಡಾಡಿತು. ಸೃಷ್ಟಿಯ ಸಂರಕ್ಷಣೆಯ ಕುರಿತು ಬೋಧಿಸುವ ನಮಗೂ ಇವರು ಒಳ್ಳೆಯ ನಿದರ್ಶನಗಳಾಗಿ ಒದಗುತ್ತಾರೆ. ಆದರೆ ನಿದರ್ಶನವಾಗಿ ಬಳಸಿದ ಮೇಲೆ ನಾವು ಅವರಿಂದ ಕಲಿತದ್ದೇನು ಎಂಬ ಪ್ರಶ್ನೆ ಉಳಿಯುತ್ತದೆ. ಜಾಗತೀಕರಣವನ್ನು ಎದುರಿಸಲು ನಾನಾ ಸಂಸ್ಕೃತಿಗಳ ಮಹಿಳಾ ಮುಂದಾಳುಗಳು ಒಂದುಗೂಡಬೇಕೆಂಬ ಮಾತು ನಮ್ಮ ದೈವಶಾಸ್ತ್ರೀಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಮಾತನ್ನು ಈ ಕರಾವಳಿಯ ಅನುಭವದ ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಘೋಷಣೆಗಳ ಬಲ ಮತ್ತು ಮಿತಿ

ಕ್ರೈಸ್ತೈಕ್ಯ ಚಳವಳಿ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಜಾಗತಿಕ ಕ್ರೈಸ್ತ ಸಭೆಗಳ ಮಂಡಳಿಯು 1988ರಿಂದ 1998ರವರೆಗಿನ ಹತ್ತು ವರ್ಷಗಳನ್ನು ಸ್ತ್ರೀಯರೊಂದಿಗೆ ಸಭೆಗಳು ನಿಲ್ಲುವ ದಶಕವೆಂದು ಸಾರಿತು. 1989ರಲ್ಲಿ ಘಾನಾದ ಮರ್ಸಿ ಅಂಬಾ ಒದುಯೋಯೆ ಅವರ ಮುಂದಾಳತ್ವದಲ್ಲಿ ಆಫ್ರಿಕದ ಸ್ತ್ರೀ ದೈವಶಾಸ್ತ್ರಜ್ಞರ ಬಳಗ ರೂಪುಗೊಂಡಿತು. ನಮ್ಮ ದೇಶದವರೇ ಆದ ಅರುಣಾ ಜ್ಞಾನದಾಸನ್ ಅವರು ಸ್ತ್ರೀಯರ ನೋವನ್ನೂ ಭೂಮಿಯ ನೋವನ್ನೂ ಒಟ್ಟಿಗೆ ಆಲಿಸಬೇಕೆಂದು ಬರೆದರು. 2004ರಲ್ಲಿ ಘಾನಾದ ಅಕ್ರಾ ನಗರದಲ್ಲಿ ಸೇರಿದ ಸುಧಾರಿತ ಸಭೆಗಳ ಜಾಗತಿಕ ಒಕ್ಕೂಟವು ಆರ್ಥಿಕ ನ್ಯಾಯವನ್ನು ವಿಶ್ವಾಸದ ಪ್ರಶ್ನೆಯೆಂದೇ ಅರಿಕೆಮಾಡಿತು.

ಅಕ್ರಾ ಅರಿಕೆಯ ಹಿರಿಮೆ ಅದರ ಆರಂಭದಲ್ಲಿದೆ. ಅಲ್ಲಿಗೆ ಹೋದ ಪ್ರತಿನಿಧಿಗಳು ಎಲ್ಮಿನಾ ಕೋಟೆಯ ಗುಲಾಮರ ಕತ್ತಲೆಕೋಣೆಗಳನ್ನು ಕಣ್ಣಾರೆ ಕಂಡರು. ಕೆಳಗೆ ಸಂಕೋಲೆಯಲ್ಲಿ ಮನುಷ್ಯರು, ಮೇಲೆ ಆರಾಧನೆಗೆ ಕೂಡಿದ ಸಭೆ. ತಾನು ಯಾರ ತಲೆಯ ಮೇಲೆ ಕುಳಿತು ಕೀರ್ತನೆ ಹಾಡುತ್ತಿದ್ದೇನೆಂಬುದನ್ನು ತಿಳಿಯದ, ಅಥವಾ ತಿಳಿದೂ ತಿಳಿಯದಂತಿದ್ದ ಸಭೆಯ ಪಾಪವನ್ನು ಆ ಕೋಟೆ ತೋರಿಸಿಕೊಟ್ಟಿತು. ಆದರೆ ಅರಿಕೆ ಮುಂದುವರಿದಂತೆ ಅದರ ಮಾತು ವ್ಯವಸ್ಥೆ, ಸಾಮ್ರಾಜ್ಯ, ಮಾರುಕಟ್ಟೆ ಎಂಬ ದೊಡ್ಡ ಪದಗಳ ಕಡೆಗೆ ಏರುತ್ತದೆ. ನಂಬುತ್ತೇವೆ, ಆದಕಾರಣ ತಿರಸ್ಕರಿಸುತ್ತೇವೆ ಎಂಬ ಗಂಭೀರ ಲಯದಲ್ಲಿ ಒಂದು ಮೀನಿನ ಬುಟ್ಟಿಯ ಭಾರ ಸಿಗುವುದಿಲ್ಲ.

ಸ್ತ್ರೀಯರ ದಶಕದ ಅನುಭವವೂ ಇದನ್ನೇ ಹೇಳುತ್ತದೆ. ಹೆಸರಿನ ಪ್ರಕಾರ ಸಭೆಗಳು ಸ್ತ್ರೀಯರೊಂದಿಗೆ ನಿಲ್ಲಬೇಕಾಗಿತ್ತು. ಕೊನೆಗೆ ಸ್ತ್ರೀಯರು ಸ್ತ್ರೀಯರೊಂದಿಗೆ ನಿಂತ ದಶಕವಾಯಿತೆಂದು ಅದರಲ್ಲಿ ದುಡಿದವರೇ ಒಪ್ಪಿಕೊಂಡರು. ಒಂದುಗೂಡುವ ಹೊಣೆಯನ್ನೂ ನೊಂದವರ ಮೇಲೆಯೇ ಹೊರಿಸಿ ಉಳಿದವರು ಚಪ್ಪಾಳೆ ತಟ್ಟುವ ಅಪಾಯ ಇಂಥ ಘೋಷಣೆಗಳ ಬೆನ್ನಿಗೇ ಇರುತ್ತದೆ.

ಈ ದಡಕ್ಕೆ ಬಂದ ಜಗತ್ತು

ಕಾರವಾರಕ್ಕೆ ಜಗತ್ತು ನಿನ್ನೆ ಮೊನ್ನೆ ಬಂದದ್ದಲ್ಲ. 1638ರಲ್ಲೇ ಇಂಗ್ಲಿಷ್ ವರ್ತಕರು ಇಲ್ಲಿ ಕೋಠಿ ತೆರೆದು ಕಾಳುಮೆಣಸು ಕೊಂಡರು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಘಟ್ಟದ ಮೇಲಿನ ಹತ್ತಿಯನ್ನು ಹಡಗಿಗೇರಿಸುವ ಬಂದರಾಗಿ ಕಾರವಾರವನ್ನು ಬೆಳೆಸುವ ಲೆಕ್ಕಾಚಾರವಿತ್ತು. ಘಟ್ಟದ ಸಂಪತ್ತು ಇಳಿದುಬಂದು ಕಡಲಾಚೆಗೆ ಹೋಗುವ ದಾರಿಯಲ್ಲಿ ಈ ಊರುಗಳಿವೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಕಬ್ಬಿಣದ ಅದಿರು ಅಂಕೋಲೆಯ ಬೇಲೆಕೇರಿಯಿಂದ ಅಕ್ರಮವಾಗಿ ಹೊರಟದ್ದೂ ಅದೇ ದಾರಿಯಲ್ಲಿ.

ಕಡಲೊಳಗಿನ ಬದಲಾವಣೆ ಇನ್ನೂ ಆಳವಾದದ್ದು. ಹಿಂದೆ ಇಲ್ಲಿ ರಂಪಣಿ ಬಲೆಯ ಕಾಲವಿತ್ತು. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದರೆ ದಡದ ಮೇಲೆ ಹತ್ತಾರು ಜನ ಎರಡು ತುದಿಗಳನ್ನು ಹಿಡಿದು ಎಳೆಯುತ್ತಿದ್ದರು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ಮೀನು ದಡಕ್ಕೇ ಬರುತ್ತಿದ್ದರಿಂದ ಹೆಂಗಸರು ಅಲ್ಲಿಯೇ ಕೊಂಡು, ಬುಟ್ಟಿ ಹೊತ್ತು ಮಾರುತ್ತಿದ್ದರು. ಮಿಕ್ಕಿದ್ದನ್ನು ಮರಳಿನ ಮೇಲೆ ಒಣಗಿಸುತ್ತಿದ್ದರು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಬಂಗಡೆ, ಬೈಗೆ ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟಿದವು. ಮೀನು ದಡದಿಂದ ಬಂದರಿನ ಧಕ್ಕೆಗೆ, ಹರಾಜಿಗೆ, ಮಂಜುಗಡ್ಡೆಯ ಲಾರಿಗೆ ಸ್ಥಳಾಂತರವಾಯಿತು. ಬುಟ್ಟಿಯವಳು ಕೈಯಲ್ಲಿ ನಗದಿದ್ದ ವ್ಯಾಪಾರಿಯ ಹಿಂದೆ ನಿಲ್ಲಬೇಕಾಯಿತು. ಜಾಗತೀಕರಣವೆಂಬ ಪದ ಕನ್ನಡದ ಪತ್ರಿಕೆಗಳಿಗೆ ಬರುವ ಮೊದಲೇ ಅವಳು ಅದರ ವ್ಯಾಕರಣವನ್ನು ಕಲಿತಾಗಿತ್ತು.

ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಊರು ಬಿಟ್ಟವು. ಅದು ದೇಶರಕ್ಷಣೆಯ ವಿಷಯ, ಬೇರೆಯೇ ತಕ್ಕಡಿಯಲ್ಲಿ ತೂಗಬೇಕಾದದ್ದು. ಆದರೆ ದಡ ಕಿರಿದಾಗುತ್ತ ಬಂದ ಲೆಕ್ಕದಲ್ಲಿ ಅದನ್ನು ಬಿಡಲಾಗದು. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಕಾರವಾರ ಬಂದರಿನ ವಿಸ್ತರಣೆ ರವೀಂದ್ರನಾಥ ಟಾಗೋರ್ ಕಡಲತೀರದ ಬಳಿ ಶುರುವಾದಾಗ ಮೀನುಗಾರರು, ಅವರೊಂದಿಗೆ ದೊಡ್ಡ ಸಂಖ್ಯೆಯಲ್ಲಿ ಮಹಿಳೆಯರು, ಬೀದಿಗಿಳಿದದ್ದು ಇದೇ ಕಾರಣಕ್ಕೆ. ಉಳಿದಿರುವುದು ಇದೊಂದೇ ದಡ ಎಂಬುದು ಅವರ ವಾದ. ನ್ಯಾಯಾಲಯದಿಂದ ಕಾಮಗಾರಿಗೆ ತಡೆ ಬಂತು. 2025ರಲ್ಲಿ ಅಂಕೋಲೆಯ ಕೇಣಿಯಲ್ಲಿ ಖಾಸಗಿ ವಾಣಿಜ್ಯ ಬಂದರಿನ ಸಮೀಕ್ಷೆಗೆ ವಿರೋಧ ಎದ್ದಾಗಲೂ ಮಹಿಳೆಯರು ಮನೆಯಲ್ಲಿ ಉಳಿಯಲಿಲ್ಲ.

ಬಂದರು ಬೇಕೆನ್ನುವವರ ಮಾತನ್ನೂ ನಾವು ನ್ಯಾಯವಾಗಿ ಕೇಳಬೇಕು. ದುಡಿಮೆ ಹುಡುಕಿ ಈ ಜಿಲ್ಲೆಯ ಯುವಕರು ಗೋವೆಗೆ ಹೋಗುತ್ತಾರೆ; ದೊಡ್ಡ ಕಾಯಿಲೆ ಬಂದರೆ ರೋಗಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯಬೇಕು. ಇಲ್ಲಿಯೇ ಕೆಲಸ ಸಿಗಲಿ ಎಂಬ ತಾಯಿಯ ಆಸೆ ದುರಾಶೆಯಲ್ಲ. ಬರುವ ಉದ್ಯೋಗ ಯಾರದು, ಹೋಗುವ ಉದ್ಯೋಗ ಯಾರದು ಎಂದು ಕೇಳಿದಾಗ ಮಾತ್ರ ಲೆಕ್ಕ ಸ್ಪಷ್ಟವಾಗುತ್ತದೆ. ಕ್ರೇನ್ ನಡೆಸುವ ಕೆಲಸ ಐವತ್ತು ದಾಟಿದ ಮೀನು ಮಾರುವವಳಿಗೆ ಸಿಗುವುದಿಲ್ಲ. ಹೋಗುವುದು ಮಾತ್ರ ಅವಳದೇ.

ಹೊಗಳಿಕೆಯೊಳಗಿನ ಮರೆವು

ಈ ಹಿನ್ನೆಲೆಯಲ್ಲಿ ಆ ಇಬ್ಬರು ಹಿರಿಯರನ್ನು ಮತ್ತೆ ನೋಡೋಣ. 2021ರ ನವೆಂಬರ್‌ನಲ್ಲಿ ತುಳಸಿ ಗೌಡರು ಬರಿಗಾಲಲ್ಲಿ ರಾಷ್ಟ್ರಪತಿಗಳ ಮುಂದೆ ನಡೆದ ಚಿತ್ರ ದೇಶವನ್ನೆಲ್ಲ ಸುತ್ತಿತು. ಚಿತ್ರ ಹೇಳದೆ ಬಿಟ್ಟ ಸಂಗತಿಯೆಂದರೆ ಅವರು ದಶಕಗಳ ಕಾಲ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿದ್ದರೆಂಬುದು. ಯಾವ ಮರದ ಬೀಜವನ್ನು ಯಾವ ಹೊತ್ತಿಗೆ ಆರಿಸಬೇಕು, ತಾಯಿಮರವನ್ನು ಗುರುತಿಸುವುದು ಹೇಗೆ, ಮೊಳಕೆ ಬರಲು ಬೀಜಕ್ಕೆ ಏನು ಮಾಡಬೇಕು ಎಂಬ ಅವರ ಅರಿವು ಕೂಲಿಯೊಳಗೆ ಬೆಳೆದ ವಿದ್ಯೆ. ಅದನ್ನು ಪ್ರಕೃತಿಯೊಂದಿಗಿನ ಸಹಜ ಸಾಮರಸ್ಯ ಎಂದು ಕರೆದಾಗ ವಿದ್ಯೆಯೂ ಮರೆಯಾಗುತ್ತದೆ, ಕೂಲಿಯ ಪ್ರಶ್ನೆಯೂ ಮರೆಯಾಗುತ್ತದೆ. ಇನ್ನೊಂದು ಕಹಿ ಸಂಗತಿಯಿದೆ. ಈ ಜಿಲ್ಲೆಯ ಗುಡ್ಡಗಳಲ್ಲಿ ಅಕೇಶಿಯಾದ ಏಕಜಾತಿಯ ತೋಪುಗಳನ್ನು ಎಬ್ಬಿಸಿದ್ದೂ ಇದೇ ಅರಣ್ಯ ಇಲಾಖೆ. ನೂರು ಜಾತಿಯ ಕಾಡುಮರಗಳನ್ನು ಬಲ್ಲ ಕೈಗಳು ತನ್ನಲ್ಲೇ ಇದ್ದಾಗಲೂ ಅದು ಆ ಕೈಗಳಿಗೆ ಸಸಿ ಕೊಟ್ಟಿತೇ ಹೊರತು ನಿರ್ಧಾರ ಕೊಡಲಿಲ್ಲ.

ಸುಕ್ರಿ ಬೊಮ್ಮಗೌಡರದೂ ಹಾಗೆಯೇ. ಹಾಲಕ್ಕಿಗಳ ನೂರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತವರೆಂದು 2017ರಲ್ಲಿ ಪದ್ಮಶ್ರೀ ಬಂತು. ಅದೇ ಸುಕ್ರಿಯವರು ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದರು. ಕುಡಿತ ಮನೆಯನ್ನು ಹೇಗೆ ಬರಿದುಮಾಡುತ್ತದೆಂಬುದು ಅವರಿಗೆ ಬೇರೆಯವರು ಹೇಳಿ ತಿಳಿಯಬೇಕಾದದ್ದಾಗಿರಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಸರ್ಕಾರದ ಮೊಹರಿನೊಂದಿಗೆ ಬೇರೆ ಮದ್ಯ ಬಂತು. ಹಾಡಿಗೆ ಪ್ರಶಸ್ತಿ ಕೊಟ್ಟ ನಾಡು ಹೋರಾಟದ ಬೇಡಿಕೆಯನ್ನು ಅರ್ಧಕ್ಕೆ ಬಿಟ್ಟಿತು. ಬೇಡಿಕೆಯಿಲ್ಲದ ಮುಂದಾಳುವನ್ನು ಗೌರವಿಸುವುದು ಸುಲಭ.

ಒಗ್ಗಟ್ಟು ಎಲ್ಲಿದೆ?

ಹಾಲಕ್ಕಿ ಹೆಂಗಸರೂ ಮೀನುಗಾರ ಹೆಂಗಸರೂ ಕೂಡಿ ಜಾಗತೀಕರಣದ ವಿರುದ್ಧ ಒಂದು ವೇದಿಕೆ ಕಟ್ಟಿದರೆಂದು ನಾನು ಇಲ್ಲಿ ಹೇಳುತ್ತಿಲ್ಲ. ಅವರ ನಡುವೆ ಜಾತಿಯ ಅಂತರವಿದೆ. ಹಾಲಕ್ಕಿಗಳ ಕನ್ನಡಕ್ಕೂ ಕಾರವಾರದ ಕೊಂಕಣಿಗೂ ನಡುವೆ ಮಾತಿನ ಅಂತರವಿದೆ. ಮೀನುಗಾರರೊಳಗೇ ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ ಎಂಬ ವಿಂಗಡಣೆಗಳಿವೆ, ಕ್ರೈಸ್ತರೂ ಇದ್ದಾರೆ. ಆದರೆ ಅಂಕೋಲೆಯ ಪೇಟೆಯಲ್ಲಿ ಒಬ್ಬಳ ಬುಟ್ಟಿಯಲ್ಲಿ ಹಿತ್ತಲಿನ ತರಕಾರಿ, ಇನ್ನೊಬ್ಬಳ ಬುಟ್ಟಿಯಲ್ಲಿ ಮೀನು. ಒಬ್ಬಳು ಇನ್ನೊಬ್ಬಳ ಗಿರಾಕಿ. ನಾವು ಸಮ್ಮೇಳನದಲ್ಲಿ ಹುಡುಕುವ ಸಂಸ್ಕೃತಿಗಳ ಭೇಟಿ ಅಲ್ಲಿ ದಿನವೂ ಬೆಲೆಯ ಚೌಕಾಸಿಯೊಂದಿಗೆ ನಡೆಯುತ್ತದೆ. ಗದ್ದೆ ಹೋದರೆ ಒಬ್ಬಳು, ದಡ ಹೋದರೆ ಇನ್ನೊಬ್ಬಳು ಪೇಟೆಯಿಂದ ಮಾಯವಾಗುತ್ತಾಳೆ. ಒಗ್ಗಟ್ಟಿಗೆ ಬೇಕಾದ ನೆಲ ಅಲ್ಲಿದೆ. ಅದನ್ನು ಒಗ್ಗಟ್ಟೆಂದು ಈಗಲೇ ಕರೆಯುವುದು ನಮ್ಮ ಆತುರವಾದೀತು.

ಸಂಸ್ಕೃತಿಗಳನ್ನು ದಾಟಿದ ಸ್ತ್ರೀಯರ ಐಕ್ಯಕ್ಕೆ ನಾವು ಸಾಮಾನ್ಯವಾಗಿ ಆರಿಸುವ ಗ್ರಂಥಭಾಗ ರೂತಳದು. ಮೋವಾಬ್ಯಳಾದ ಸೊಸೆ, ಬೇತ್ಲೆಹೇಮಿನ ಅತ್ತೆ, ಅವರ ನಡುವಿನ ಬಿಡದ ನಂಟು ಮನಮುಟ್ಟುವಂಥದ್ದು ನಿಜ. ಆದರೆ ಆ ಕಥೆಯಲ್ಲಿ ಬಡವಳಿಗೆ ದೊರೆಯುವುದು ಹಕ್ಕಲಾಯುವ ಅವಕಾಶ, ಹೊಲ ಬೋವಜನದೇ. ಅರಣ್ಯಕಾಂಡದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಬರುವ ಚಲ್ಪಹಾದನ ಐವರು ಹೆಣ್ಣುಮಕ್ಕಳು ಬೇರೆ ರೀತಿಯವರು. ಅವರು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ಮೋಶೆ, ಯಾಜಕ, ಕುಲಾಧಿಪತಿಗಳು, ಸರ್ವಸಮೂಹ ಇವರೆಲ್ಲರ ಎದುರು ನಿಂತು ಭೂಮಿಯಲ್ಲಿ ಪಾಲು ಕೇಳುತ್ತಾರೆ. ಮೋಶೆಗೆ ಉತ್ತರ ತಿಳಿಯದು. ಅವನು ವಿಷಯವನ್ನು ದೇವರ ಮುಂದೆ ಇಡುತ್ತಾನೆ. ಅವರ ಮಾತು ನ್ಯಾಯವೆಂದು ದೇವರೇ ಹೇಳಿದ ಮೇಲೆ ನಿಯಮ ಬದಲಾಗುತ್ತದೆ.

ಈ ಭಾಗವನ್ನೂ ನಾವು ವಿಮರ್ಶೆಯಿಲ್ಲದೆ ಎತ್ತಿಕೊಳ್ಳಲಾಗದು. ಮೂವತ್ತಾರನೆಯ ಅಧ್ಯಾಯದಲ್ಲಿ ಕುಲದ ಗಂಡಸರು ಬಂದು ಆಸ್ತಿ ಹೊರಗೆ ಹೋಗದಂತೆ ಆ ಹೆಣ್ಣುಮಕ್ಕಳ ಮದುವೆಗೆ ಗಡಿ ಹಾಕಿಸುತ್ತಾರೆ. ಅದಕ್ಕಿಂತ ಮಿಗಿಲಾಗಿ, ಅವರು ಪಾಲು ಕೇಳಿದ ಭೂಮಿಯಲ್ಲಿ ಆಗಲೇ ಕಾನಾನ್ಯ ಸ್ತ್ರೀಯರು ವಾಸವಾಗಿದ್ದರು. ಅವರನ್ನು ಯಾರೂ ಗುಡಾರದ ಬಾಗಿಲಿಗೆ ಕರೆಯಲಿಲ್ಲ. ಒಬ್ಬ ಸ್ತ್ರೀಯ ನ್ಯಾಯ ಇನ್ನೊಬ್ಬಳ ನೆಲದ ಮೇಲೆ ನಿಲ್ಲಬಹುದೆಂಬ ಎಚ್ಚರಿಕೆ ಗ್ರಂಥದೊಳಗೇ ಇದೆ. ಎಲ್ಮಿನಾದ ಆರಾಧನೆಗೂ ಇದಕ್ಕೂ ಬಹಳ ದೂರವಿಲ್ಲ. ಆದ್ದರಿಂದ ಸ್ತ್ರೀಯರ ಐಕ್ಯವನ್ನು ಕುರಿತ ನಮ್ಮ ದೈವಶಾಸ್ತ್ರದ ಮೊದಲ ಪ್ರಶ್ನೆ ಯಾರು ಬಂದರು ಎಂಬುದಲ್ಲ. ಬಾಗಿಲಿಗೆ ಯಾರು ಬರಲಾಗಲಿಲ್ಲ ಎಂಬುದು.

ಸಭಾಪಾಲಕರ ಮುಂದಿರುವ ಕೆಲಸ

ಇಂದು ಆ ಗುಡಾರದ ಬಾಗಿಲಿಗೆ ಒಂದು ಕಾನೂನಿನ ರೂಪವೂ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಇಂಥ ದೊಡ್ಡ ಯೋಜನೆಗಳಿಗೆ ಸ್ಥಳದಲ್ಲೋ ಅದರ ಸಮೀಪದಲ್ಲೋ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಹೊರಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಜನ ಹೇಳಿದ್ದು ದಾಖಲಾಗಬೇಕು. ಆ 30 ದಿನಗಳಲ್ಲಿ ಸಭೆ ಏನು ಮಾಡುತ್ತದೆ? ಸಾರಾಂಶವನ್ನು ಓದಿ ಕೊಂಕಣಿಯಲ್ಲಿ ಬಿಡಿಸಿ ಹೇಳಬಲ್ಲವರು ನಮ್ಮಲ್ಲಿದ್ದಾರೆ. ಆಲಯದ ಅಂಗಳದಲ್ಲಿ ಯಾವ ಜಾತಿಯ, ಯಾವ ಧರ್ಮದ ಹೆಂಗಸೂ ಕುಳಿತು ಕೇಳಬಹುದು. ಮಾತು ಅವರದೇ ಆಗಿರಬೇಕು; ಅವರ ಪರವಾಗಿ ನಾವು ಭಾಷಣ ಮಾಡಬೇಕಾಗಿಲ್ಲ. ಬಂದರಿನ ಪರ ಮಾತಾಡುವವಳಿಗೂ ಅಲ್ಲಿ ಜಾಗವಿರಬೇಕು.

ಇದಕ್ಕೆ ಸೆಮಿನರಿಯಲ್ಲೂ ಸಿದ್ಧತೆ ಬೇಕು. ಗ್ರೀಕ್ ಮತ್ತು ಹೀಬ್ರೂ ಪಾಠವನ್ನು ಶ್ರದ್ಧೆಯಿಂದ ಬಿಡಿಸುವ ವಿದ್ಯಾರ್ಥಿಗೆ ಒಂದು ಪರಿಸರ ವರದಿಯನ್ನು ಬಿಡಿಸುವುದನ್ನೂ ಕಲಿಸಬೇಕು. ಬೇಸಿಗೆಯ ಕ್ಷೇತ್ರಕಾರ್ಯಕ್ಕೆ ಹೋದವನು ಮೊದಲ ವಾರ ಬೋಧಿಸದೆ, ಬೆಳಗಿನ ಜಾವ ಧಕ್ಕೆಯಲ್ಲಿ ಹರಾಜು ನಡೆಯುವಾಗ ನಿಂತು, ಬುಟ್ಟಿಯವಳ ಕೈಗೆ ಎಷ್ಟು ಮೀನು ಬರುತ್ತದೆ, ಎಷ್ಟಕ್ಕೆ ಬರುತ್ತದೆ ಎಂದು ಬರೆದುಕೊಳ್ಳಲಿ. ನಮ್ಮ ಸಭಾಸಮಿತಿಗಳಲ್ಲಿ ಮೀನು ಮಾರುವ ಎಷ್ಟು ಸ್ತ್ರೀಯರು ಕುಳಿತಿದ್ದಾರೆಂಬ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಲಿ. ತುಳಸಿ ಗೌಡರ ಚಿತ್ರವನ್ನು ಆರಾಧನಾ ಕರಪತ್ರದಲ್ಲಿ ಅಚ್ಚುಮಾಡುವ ಮೊದಲು ಈ ಎರಡು ಲೆಕ್ಕಗಳು ನಮ್ಮ ಕೈಯಲ್ಲಿರಬೇಕು.